ಬಗ್ಗಪ್ಪನ ಬೂಟು

ಚಪ್ಪಲಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಸವೆಸಿದ ಮನುಷ್ಯನ ಹತ್ತಿರ ನೆಟ್ಟಗಿನ ಒಂದು ಜೋಡಿರಲಿಲ್ಲ ಅಂದರೆ ನೀವು ನಂಬಲೇಬೇಕು. ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಸುಮ್ಮನೆ ಹುಟ್ಟಿದ ಮಾತಲ್ಲ. ಬಗ್ಗಪ್ಪನ ಆಸ್ತಿ ಒಂದು ಜೊತೆ ರಬ್ಬರ್ ಚಪ್ಪಲಿ, ಅದರಲ್ಲೂ ಒಂದರ ಉಂಗುಷ್ಠಕ್ಕೆ ಪಿನ್ನು. ಬೆಳಗಿನಿಂದ ಸಂಜೆವರೆಗೆ ಗಿರಾಕಿಗಳ ಕಾಲ ಬುಡದಲ್ಲಿ ಮೋಟು ಸ್ಟೂಲಿನ ಮೇಲೆ ಕೂರುವವನ ಕಾಲನ್ನು ಯಾರು ನೋಡುತ್ತಾರೆ?

ಇವತ್ತು ನೋಡುವವರಿದ್ದರು. ಪೇಚಾಟ ಶುರುವಾದದ್ದೇ ಅಲ್ಲಿಂದ.

ಬಗ್ಗಪ್ಪ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಕೆಲಸಕ್ಕೆ ಸೇರಿದ ದಿನ ಅಂಗಡಿ ಸಾಹುಕಾರರು ಹೇಳಿದ್ದರು: "ಗಿರಾಕಿ ಕಾಲು ನೋಡು, ಮುಖ ನೋಡಬೇಡ. ಮುಖ ಸುಳ್ಳು ಹೇಳುತ್ತೆ, ಕಾಲು ಹೇಳಲ್ಲ. ಅದ್ರಲ್ಲೂ ಹೆಂಗಸರ ಮುಖ ನೋಡ್ದೆ ಅಂತ ದೂರು ಬಂತೋ, ಅವತ್ತೇ ಮನೆ ದಾರಿ ಹಿಡಿ." ಮೊದಲೇ ಸಂಕೋಚದ ಪ್ರಾಣಿ. ಅವತ್ತು ತಗ್ಗಿಸಿದ ತಲೆಯನ್ನು ಮತ್ತೆ ಎತ್ತಲಿಲ್ಲ. ಊರಿನ ಅರ್ಧ ಜನರ ಆಣಿ, ಹಿಮ್ಮಡಿಯ ಬಿರುಕು, ಹೆಬ್ಬೆರಳಿನ ಉಗುರು ಎಲ್ಲ ಅವನಿಗೆ ಬಾಯಿಪಾಠ. ಮನೆಯವರದ್ದು ಬಿಟ್ಟರೆ ಮುಖ ಮಾತ್ರ ಒಂದೂ ಗೊತ್ತಿಲ್ಲ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಮೊದಲು ಅವರ ಪಾದ ನೋಡಿ, ಆಮೇಲೆ "ಆಣಿ ವಾಸಿ ಆಯ್ತಾ ಸಾರ್?" ಅನ್ನುತ್ತಿದ್ದ.

ನೋಡುವವರು ಅಂದೆನಲ್ಲ, ಆಕೆ ಒಬ್ಬ ನರ್ಸು. ವಾರ್ಡಿನಲ್ಲಿ ನಿಂತು ನಡೆದು ಅಟ್ಟೆ ಸವೆಸುವ ಕೆಲಸ, ವರ್ಷಕ್ಕೆ ಎರಡು ಸಲವಾದರೂ ಬಿಳಿ ಶೂ ಬೇಕು. ಎಡಗಾಲಿನ ಅಳತೆ ಆರು, ಬಲಗಾಲಿನದು ಏಳು. ಬೇರೆ ಅಂಗಡಿಯಲ್ಲಿ ನಕ್ಕಿದ್ದರಂತೆ. ಬಗ್ಗಪ್ಪ ನಗಲಿಲ್ಲ. ಗೋದಾಮಿಗೆ ಹೋಗಿ ಎರಡು ಡಬ್ಬಿ ಬಿಚ್ಚಿ, ಆರರದ್ದೊಂದು ಏಳರದ್ದೊಂದು ಸೇರಿಸಿ ತಂದು ತೊಡಿಸಿದ. ಉಳಿದ ಎಡಬಿಡಂಗಿ ಜೋಡನ್ನು ಸಾಹುಕಾರರ ಕಣ್ಣಿಗೆ ಬೀಳದ ಹಾಗೆ ಮೇಲಿನ ಹಲಗೆಯಲ್ಲಿ ಹಿಂದಕ್ಕೆ ತಳ್ಳಿದ. ಅಲ್ಲಿ ಈಗ ಅಂಥ ಡಬ್ಬಿಗಳ ಒಂದು ಸಾಲೇ ಇದೆ. ಅದಕ್ಕೆ ಪ್ರೀತಿ ಅಂತ ಹೆಸರಿಡೋ ಧೈರ್ಯ ಅವನಿಗಿರಲಿಲ್ಲ. ನಮಗಿದೆ, ಇಟ್ಟುಬಿಡೋಣ.

ಹೋದ ವಾರ ಆಕೆ ಶೂ ಹಾಕಿಸಿಕೊಳ್ಳುತ್ತ ಮೆಲ್ಲಗೆ ಹೇಳಿದ್ದಳು: "ಶನಿವಾರ ಮೈದಾನದಲ್ಲಿ ಸಂಗೀತ ಇದೆ, ಬನ್ನಿ. ನನ್ನನ್ನ ಬೇರೆ ಊರಿನ ಆಸ್ಪತ್ರೆಯವರು ಕರೀತಿದಾರೆ. ಹೋಗೋದಾದ್ರೆ ಅವತ್ತು ಸಂಜೆ ಬಸ್ಸಿಗೇ ಹೋಗಬೇಕು. ಇರಿ ಅಂತ ಹೇಳೋರು ಒಬ್ಬರಿದ್ರೆ ಇದ್ದುಬಿಡ್ತೀನಿ. ಟೀ ಅಂಗಡಿ ಹತ್ರ ಇರ್ತೀನಿ."

ಲೇಸು ಕಟ್ಟುತ್ತಿದ್ದ ಬಗ್ಗಪ್ಪ ಗಂಟಿನ ಮೇಲೆ ಗಂಟು ಹಾಕಿದ. "ಬರ್ತೀನಿ" ಅಂತ ಆ ಶೂಗೇ ಹೇಳಿದ.

ಹೇಳಬೇಕಾದ್ದು ಒಂದೇ ಮಾತು, ಇರಿ ಅಂತ. ವಾರವಿಡೀ ಗೋದಾಮಿನ ಗೋಡೆಗೆ ಹೇಳಿ ಹೇಳಿ ರೂಢಿ ಮಾಡಿಕೊಂಡ. ಅವನು ಹೇಳುತ್ತಲೇ ಇದ್ದ, ಮಳೆ ಸುರಿಯುತ್ತಲೇ ಇತ್ತು. ಶನಿವಾರದ ಹೊತ್ತಿಗೆ ಮೈದಾನ ಎಮ್ಮೆಗಳಿಗೆ ಮಾತ್ರ ಹೇಳಿ ಮಾಡಿಸಿದ ಹಾಗಾಗಿತ್ತು.

ಶನಿವಾರ ಬಗ್ಗಪ್ಪ ರಬ್ಬರ್ ಚಪ್ಪಲಿ ಮೆಟ್ಟಿದ್ದೇ ತಡ, ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಪಿನ್ನು ಹಾಕಿದ ಚಪ್ಪಲಿ ಮೆಟ್ಕೊಂಡು ಹೆಣ್ಣು ನೋಡೋಕೆ ಹೋಗ್ತಾರೇನೋ?"

"ಹೆಣ್ಣು ನೋಡೋಕಲ್ಲಕ್ಕ, ಸಂಗೀತ ಕೇಳೋಕೆ."

"ನಿನಗೆ ಗೊತ್ತಿರೋ ಸಂಗೀತ ಅಂದ್ರೆ ಕುಕ್ಕರ್ ಸೀಟಿ. ನನ್ನ ಹತ್ರ ಬೇಡ ನಿನ್ನಾಟ. ವಾರದಿಂದ ಅನ್ನ ಬಿಟ್ಟು ಗೋಡೆ ನೋಡ್ತಿದೀಯ."

ಅಕ್ಕ ಮಂಚದ ಕೆಳಗಿಂದ ಭಾವನ ಮದುವೆಯ ಚರ್ಮದ ಶೂ ಎಳೆದು, ಸೆರಗಿನಿಂದ ಧೂಳು ಒರೆಸಿದಳು. ಬಗ್ಗಪ್ಪನಿಗೆ ಎರಡು ಅಳತೆ ದೊಡ್ಡದು. ಭಾವನ ಕೈಯಲ್ಲಿದ್ದ ಪೇಪರು ಕಿತ್ತು, ಉಂಡೆ ಮಾಡಿ ಶೂ ಒಳಗೆ ತುರುಕಿದಳು. "ನಾನಿನ್ನೂ ಓದಿರಲಿಲ್ಲ" ಅಂದ ಭಾವ. ಆ ಮನೆಯಲ್ಲಿ ಅವನ ಮಾತು ನಡೆದು ಎಷ್ಟೋ ಕಾಲವಾಗಿತ್ತು.

ಅಷ್ಟರಲ್ಲಿ ಮಹಡಿಯ ಮೇಲಿನ ಡ್ರಿಲ್ ಮಾಸ್ತರು ಇಳಿದು ಬಂದರು. ರಿಟೈರಾದ ಮೇಲೆ ಅವರಿಗೆ ಡ್ರಿಲ್ ಮಾಡಿಸೋಕೆ ಅಕ್ಕಪಕ್ಕದವರೇ ಗತಿ.

"ಕೆಸರಿಗೆ ಚರ್ಮದ ಶೂನಾ? ಬುದ್ಧಿ ಇದೆಯೇನಯ್ಯ ನಿನಗೆ? ಇಪ್ಪತ್ತು ವರ್ಷ ಅಂಗಡೀಲಿ ಏನು ಕಡಿದು ಗುಡ್ಡೆ ಹಾಕಿದೆ? ಎತ್ತು ಕಾಲು."

ಬಗ್ಗಪ್ಪ ಎತ್ತಿದ. ಮಾಸ್ತರು ಶೂ ಮೇಲೆ ಒಂದೊಂದು ಪ್ಲಾಸ್ಟಿಕ್ ಚೀಲ ಏರಿಸಿ, ಕಣಕಾಲಿಗೆ ರಬ್ಬರ್ ಬ್ಯಾಂಡು ಬಿಗಿದರು. "ಈಗ ಹೋಗು, ಹೊಳೆ ದಾಟಿದ್ರೂ ಹನಿ ನೀರು ಒಳಗೆ ಬರಲ್ಲ."

ಹೊಳೆವರೆಗೆ ಹೋಗಬೇಕಾಗಲಿಲ್ಲ. ನೆನೆದ ಮೆಟ್ಟಿಲಿಗೆ ಪ್ಲಾಸ್ಟಿಕ್ಕು ತಾಗಿದ್ದೇ ಬಗ್ಗಪ್ಪ ಮೇಲಿಂದ ಕೆಳಗಿನವರೆಗೆ ಕೂತುಕೊಂಡೇ ಬಂದ. ಸೊಂಟ ಉಳಿಯಿತು, ಶೂ ಉಳಿಯಲಿಲ್ಲ. ಬಲಗಾಲಿನ ಅಟ್ಟೆ ಕಪ್ಪೆಯ ಹಾಗೆ ಬಾಯಿ ತೆರೆಯಿತು. ಮೇಲಿಂದ ಅಕ್ಕ "ಅಯ್ಯೋ, ನನ್ನ ಮದುವೆ ಶೂ" ಅಂದಳು. ತಮ್ಮನಿಗೆ ಪೆಟ್ಟಾಯಿತೇ ಅಂತ ಕೇಳಿದ್ದು ಆಮೇಲೆ.

ಕುಂಟುತ್ತ ಅಂಗಡಿಗೆ ಹೋದ. ಸಾಹುಕಾರರು ಅವನ ಕಾಲು ನೋಡಿ ಹಣೆ ಚಚ್ಚಿಕೊಂಡರು.

"ನಮ್ಮ ಅಂಗಡಿಯವನು ಬಾಯಿಬಿಟ್ಟ ಶೂ ಹಾಕ್ಕೊಂಡು ಊರ ಮುಂದೆ ಹೋಗೋದಾ? ನನ್ನ ವ್ಯಾಪಾರ ಮುಚ್ಚಿಸ್ಬೇಕು ಅಂತಿದೀಯಾ? ಗಂಬೂಟು ಹಾಕ್ಕೋ."

ಆ ವಾರ ಅಂಗಡಿಯಲ್ಲಿ ಕಪ್ಪು ಗಂಬೂಟು ಬಿಟ್ಟು ಬೇರೇನೂ ಮಾರಿರಲಿಲ್ಲ. ಸಂಗೀತ, ಕೆಸರು ಎರಡೂ ಒಟ್ಟಿಗೆ ಬಂದದ್ದು ಸಾಹುಕಾರರ ಪುಣ್ಯ. ಬಗ್ಗಪ್ಪನೇ ಸ್ಟೂಲಿನ ಮೇಲೆ ಕೂತು ಅರ್ಧ ಊರಿಗೆ ತೊಡಿಸಿದ್ದ. ಉಳಿದದ್ದು ಒಂದೇ ಜೊತೆ, ಹತ್ತನೇ ನಂಬರಿನದು. ಶೂ ಒಳಗಿನ ಪೇಪರು ತೆಗೆದು ಬೂಟಿಗೆ ತುಂಬಿಕೊಂಡ. ಅಂಗಡಿಯ ಕನ್ನಡಿ ಕಾಲಿನ ಎತ್ತರಕ್ಕೇ ಇಟ್ಟದ್ದು. ಬಗ್ಗಿ ನೋಡಿದರೆ ಎರಡು ಬಕೆಟ್ಟಿನಲ್ಲಿ ನೆಟ್ಟ ಗಿಡದಂತೆ ಕಂಡ. ಅಳು ಬಂದ ಹಾಗಾಯಿತು, ಆದರೆ ಹೊತ್ತಾಗಿತ್ತು.

ಮೈದಾನದ ಗೇಟು ದಾಟಿ ಟೀ ಅಂಗಡಿಯ ಹತ್ತಿರ ಹೋಗುವಷ್ಟರಲ್ಲೇ ಎಡಬೂಟು ಕೆಸರಲ್ಲಿ ಹೂತುಹೋಯಿತು. ಎಳೆದ. ಕಾಲು ಬಂತು, ಬೂಟು ಬರಲಿಲ್ಲ. ಕಾಲುಚೀಲದ ಕಾಲನ್ನು ಮೇಲಕ್ಕೆತ್ತಿ ಕೊಕ್ಕರೆಯ ಹಾಗೆ ನಿಂತು ಸುತ್ತ ನೋಡಿದ.

ಎಲ್ಲಿ ನೋಡಿದರೂ ಕಪ್ಪು ಗಂಬೂಟು. ಮೊಳಕಾಲವರೆಗೆ ಕೆಸರು. ಆರು ಯಾವುದು, ಏಳು ಯಾವುದು, ಗಂಡು ಯಾವುದು, ಹೆಣ್ಣು ಯಾವುದು, ಒಂದೂ ತಿಳಿಯುವ ಹಾಗಿಲ್ಲ. ಅವನಿಗೆ ಗೊತ್ತಿದ್ದ ಊರೆಲ್ಲ ಅವನೇ ಮಾರಿದ ರಬ್ಬರಿನೊಳಗೆ ಅಡಗಿ ಕೂತಿತ್ತು. ಇರಲಿ, ಆಕೆಗೆ ನನ್ನ ಗುರುತಿದೆಯಲ್ಲ, ಬಂದು ಮಾತಾಡಿಸುತ್ತಾಳೆ ಅಂತ ಸಮಾಧಾನ ಮಾಡಿಕೊಂಡ.

ಒಂದು ಜೊತೆ ಬೂಟು ಪಚಪಚ ಅಂತ ಹತ್ತಿರ ಬಂತು. "ಅಂತೂ ಬಂದ್ರಲ್ಲ" ಅಂತ ಹೆಂಗಸಿನ ದನಿ ಕೂಗಿತು. ಲೌಡ್‌ಸ್ಪೀಕರು ಕಿವಿಯ ಪಕ್ಕದಲ್ಲೇ ಬಡಿದುಕೊಳ್ಳುತ್ತಿತ್ತು. ಅಲ್ಲಿ ಯಾರು ಮಾತಾಡಿದರೂ ಗಂಟಲು ಹರಿಯುವ ಹಾಗೆ ಕೂಗಬೇಕು, ಯಾರ ದನಿ ಅಂತ ಗುರುತು ಹತ್ತುವ ಹಾಗಿರಲಿಲ್ಲ.

"ಹ್ಞೂಂ, ಬಂದೆ" ಅಂದ. ಯಾರೋ ಗಿರಾಕಿ ಇರಬೇಕು. ಊರವರೆಲ್ಲ ಅವನನ್ನು ಹೀಗೇ ಮಾತಾಡಿಸುತ್ತಿದ್ದರು.

"ಹಿಡ್ಕೊಳ್ಳಿ ನನ್ನ ಭುಜ." ಆ ಹೆಂಗಸು ಬಗ್ಗಿ ಎರಡೂ ಕೈಯಿಂದ ಬೂಟು ಎಳೆದಳು. ಬೂಟು ಬಂತು, ಜೊತೆಗೆ ಭಾವನ ಪೇಪರೂ ಬಂತು. ಆಕೆ ನಕ್ಕಳು. ಟೀ ತಂದು ಕೈಗೆ ಕೊಟ್ಟಳು. ಬಗ್ಗಪ್ಪ ಅವಳ ಬೂಟು ನೋಡುತ್ತ ಟೀ ಕುಡಿದ. ಒಳ್ಳೆಯವರೇ, ಆದರೆ ಬಿಟ್ಟು ಹೋಗುತ್ತಿಲ್ಲವಲ್ಲ. ನರ್ಸು ಬರೋ ಹೊತ್ತು. ಬಂದವಳು ಇದನ್ನು ನೋಡಿದರೆ? ಇನ್ನೊಬ್ಬ ಹೆಂಗಸಿನ ಜೊತೆ ಟೀ ಕುಡೀತಿದಾನೆ ಅಂತ ಹಾಗೇ ತಿರುಗಿ ಬಸ್ಸು ಹತ್ತಿಬಿಟ್ಟರೆ?

ಬೂಟಿನವಳು ತನ್ನ ಟೀ ಮುಗಿಸಿದಳು. ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿ ಕೂಗಿದಳು. "ಏನೂ ಹೇಳ್ಲೇ ಇಲ್ಲ ನೀವು. ನಾನು ಇರ್ಲಾ, ಹೋಗ್ಲಾ?"

ಬಗ್ಗಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಇವರೇ ಕೇಳಿದರಲ್ಲ, ದೇವರು ದೊಡ್ಡವನು.

"ತಪ್ಪು ತಿಳ್ಕೋಬೇಡಿ" ಅಂದ. "ನಿಮ್ಮಿಂದ ತುಂಬ ಉಪಕಾರ ಆಯ್ತು. ಆದ್ರೆ ನೀವು ಹೋಗಿ. ನನಗೆ ಬೇಕಾದವರು ಒಬ್ಬರು ಬರೋರಿದಾರೆ."

ಬೂಟುಗಳು ಅಲ್ಲಾಡಲಿಲ್ಲ.

"ಬೇಕಾದವರಾ?"

"ಹೌದು. ತುಂಬ ಬೇಕಾದವರು. ನೀವಿಲ್ಲಿದ್ರೆ ಚೆನ್ನಾಗಿರಲ್ಲ."

"ಗೊತ್ತಿರ್ಲಿಲ್ಲ" ಅಂದಳು ಆಕೆ. "ಒಳ್ಳೇದಾಗ್ಲಿ ನಿಮಗೆ." ಬೂಟುಗಳು ತಿರುಗಿ ಪಚಪಚ ಅನ್ನುತ್ತ ಹೋದವು. ಬಗ್ಗಪ್ಪ ಉಸಿರು ಬಿಟ್ಟು, ಅಂಗಿ ಸರಿ ಮಾಡಿಕೊಂಡು, ಬಾಯೊಳಗೇ ಇನ್ನೊಂದು ಸಲ ಇರಿ ಅಂತ ಹೇಳಿಕೊಂಡ.

ಹಾಡಿನ ಮೇಲೆ ಹಾಡಾಯಿತು. ಮತ್ಯಾವ ಬೂಟೂ ಅವನ ಮುಂದೆ ಬಂದು ನಿಲ್ಲಲಿಲ್ಲ. ಸ್ಪೀಕರು ಒಂದು ಗಳಿಗೆ ಸುಮ್ಮನಾದಾಗ ಟೀ ಅಂಗಡಿಯ ಹೆಂಗಸು ಲೋಟ ತೊಳೆಯುತ್ತ ಕೇಳಿದಳು. "ಏನ್ರೀ ನೀವು, ಅಷ್ಟು ಹೊತ್ತು ಕಾದಿದ್ದವರನ್ನ ಹೋಗಿ ಅಂದುಬಿಡೋದಾ?"

"ಯಾರನ್ನ?"

"ಆ ನರ್ಸಮ್ಮನ್ನ. ಚಪ್ಪಲಿ ಅಂಗಡಿಯವರು ಬರ್ತಾರೆ, ಬಂದು ಇರಿ ಅಂತಾರೆ ಅಂತ ಬ್ಯಾಗು ನನ್ನ ಹತ್ರಾನೇ ಇಟ್ಟಿದ್ರು. ಈಗ ತಗೊಂಡು ಬಸ್ಸಿಗೆ ಹೋದ್ರಲ್ಲ. ಕಣ್ಣಲ್ಲಿ ನೀರು ಹಾಕ್ಕೊಂಡು ಹೋದ್ರು ಪಾಪ."

ಬಗ್ಗಪ್ಪ ಎರಡೂ ಬೂಟನ್ನು ಅಲ್ಲೇ ಕೆಸರಿಗೆ ಬಿಟ್ಟು ಓಡಿದ. ಬೆಳಗಿನಿಂದ ಮೂರು ಜನ ಸೇರಿ ತೊಡಿಸಿದ್ದೆಲ್ಲ ಹೋಗಿ ಕಾಲುಚೀಲ ಮಾತ್ರ ಉಳಿದಿತ್ತು. ಗೇಟಿನಾಚೆ ಬಸ್ಸು ಹೊರಡೋಕೆ ಗುರ್ ಅನ್ನುತ್ತಿತ್ತು. ಒಳಗೆ ಜನ ಕಿಕ್ಕಿರಿದಿದ್ದರು. ಕಾಲುಗಳೆಲ್ಲ ತಗಡಿನ ಹಿಂದೆ. ಕಿಟಕಿಯಲ್ಲಿ ಕಾಣುತ್ತಿದ್ದದ್ದು ಮುಖ ಮಾತ್ರ.

ಬಗ್ಗಪ್ಪ ತಲೆ ಎತ್ತಿದ. ಮೊದಲ ಕಿಟಕಿಯಲ್ಲಿ ಒಬ್ಬ ಹೆಂಗಸು, ಎರಡನೆಯದರಲ್ಲಿ ಇಬ್ಬರು, ಆಮೇಲೆ ಇನ್ನೊಬ್ಬಳು. ಇವಳಾ? ಅವಳಾ? ಈಗಷ್ಟೇ ಅವಳ ಭುಜ ಹಿಡಿದಿದ್ದ, ಅವಳು ಕೊಟ್ಟ ಟೀ ಕುಡಿದಿದ್ದ. ಆ ಹೊತ್ತಲ್ಲೂ ನೋಡಿದ್ದು ಬೂಟನ್ನೇ. ವಾರವೆಲ್ಲ ಕಲಿತ ಮಾತನ್ನು ಕಿಟಕಿಯಿಂದ ಕಿಟಕಿಗೆ ಓಡುತ್ತ ಬಸ್ಸಿಗೆಲ್ಲ ಹೇಳಿದ.

"ಇರಿ. ಇರಿ. ದಯವಿಟ್ಟು ಇರಿ."

"ಹತ್ತೋದಾದ್ರೆ ಹತ್ರಿ, ಇರೋಕಾಗಲ್ಲ" ಅಂದ ಕಂಡಕ್ಟರು. ಹಿಂದಿನ ಕಿಟಕಿಯಲ್ಲಿ ಒಬ್ಬಳು ಅವನನ್ನು ನೋಡಿ ಮುಖ ತಿರುಗಿಸಿಕೊಂಡ ಹಾಗಿತ್ತು. ತನಗೆ ಬೇಕಾದವರನ್ನು ಹುಡುಕುತ್ತಿದ್ದಾನೆ ಅಂದುಕೊಂಡಳೋ ಏನೋ. ಅಥವಾ ಅವಳು ಬೇರೆ ಯಾರೋ. ಬಸ್ಸು ಹೋಯಿತು.

ಮನೆ ಬಾಗಿಲಲ್ಲಿ ಅಕ್ಕ ಕಾಯುತ್ತಿದ್ದಳು. ಮೆಟ್ಟಿಲ ಮೇಲೆ ಡ್ರಿಲ್ ಮಾಸ್ತರೂ ಇದ್ದರು. ಅವನ ಬೂಟಿಲ್ಲದ ಕಾಲು ನೋಡಿ ಮಾಸ್ತರು ಬಾಯಿ ತೆರೆದರು. ಅಕ್ಕ ಕಣ್ಣಲ್ಲೇ ಸುಮ್ಮನಿರಿಸಿದಳು.

"ಬಂದಿದ್ಲೇನೋ?"

"ಬಂದಿದ್ರು ಅಕ್ಕ. ನನ್ನ ಜೊತೆನೇ ಟೀ ಕುಡಿದ್ರು."

ಅಕ್ಕನ ಮುಖ ಅರಳಿತು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಕೆಸರಾದ ಕಾಲುಚೀಲ ಎಳೆಯುತ್ತ ಕೇಳಿದಳು. "ಮತ್ತೆ ಹೇಳೋ, ನೋಡೋಕೆ ಹೇಗಿದಾಳೆ?"

ಬಗ್ಗಪ್ಪ ಮೊಳಕಾಲಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟ.

"ಗೊತ್ತಿಲ್ಲಕ್ಕ" ಅಂದ.