ಬಡ್ತಿ ಬೇಕೋ ಬೇಡವೋ

ನಿರ್ಧಾರ ಮಾಡುವುದು ನನ್ನಿಂದಾಗದ ಕೆಲಸ. ಸಿಂಧನೂರಿನ ಬಟ್ಟೆ ಅಂಗಡಿಯಲ್ಲಿ ಎರಡು ಸೀರೆ ಮುಂದೆ ಹರಡಿದರೆ ಮುಗಿಯಿತು, ಅಂಗಡಿಯವರು ಎರಡನೇ ಸಲ ಚಹಾ ತರಿಸುವವರೆಗೂ ನಾನು ಏಳುವುದಿಲ್ಲ. ಕೊನೆಗೆ ಜೊತೆಗೆ ಬಂದವರು ತೋರಿಸಿದ್ದನ್ನೇ ಕಟ್ಟಿಸಿಕೊಳ್ಳುತ್ತೇನೆ. ಬಸ್ಸು ಊರು ದಾಟುವಷ್ಟರಲ್ಲಿ ಬಿಟ್ಟುಬಂದ ಸೀರೆಯೇ ಚೆನ್ನಾಗಿತ್ತು ಅನ್ನಿಸಿ, ಪಕ್ಕದಲ್ಲಿ ಕೂತವರ ಮೇಲೆ ಸಿಟ್ಟು ಬರುತ್ತದೆ. ಇದರಲ್ಲಿ ಒಂದು ಸುಖವಿದೆ, ತಪ್ಪು ಯಾವಾಗಲೂ ಬೇರೆಯವರದೇ. ನಾನು ಶಿಕ್ಷಕಿಯಾದದ್ದೂ ಹೀಗೆ, ಸೋದರಮಾವ ಅರ್ಜಿ ತಂದುಕೊಟ್ಟರು ಅಂತ. ನನಗೆ ನರ್ಸ್ ಆಗುವ ಆಸೆಯಿತ್ತು. ಅದನ್ನು ಅವರಿಗೆ ನಾನು ಹೇಳಿರಲಿಲ್ಲ, ಆ ಮಾತು ಬೇರೆ. ಇಪ್ಪತ್ತೆಂಟು ವರ್ಷ, ತರಗತಿಯಲ್ಲಿ ತಲೆನೋವು ಬಂದಾಗಲೆಲ್ಲ ಮಾವನನ್ನೇ ಬೈದುಕೊಂಡಿದ್ದೇನೆ. ಅವರು ತೀರಿಹೋದ ಮೇಲೂ ಬಿಟ್ಟಿರಲಿಲ್ಲ.

ಹೀಗಿರುವ ನನಗೆ ಹೋದ ವರ್ಷ ಬಡ್ತಿ ಬಂತು. ಮಸ್ಕಿಯಲ್ಲಿ ಮನೆಯಿಂದ ಐದು ನಿಮಿಷ ನಡೆದರೆ ನಮ್ಮ ಶಾಲೆ. ಬಡ್ತಿ ಒಪ್ಪಿಕೊಂಡರೆ ತುರ್ವಿಹಾಳದ ಶಾಲೆಗೆ ಮುಖ್ಯಶಿಕ್ಷಕಿ, ಸಿಂಧನೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಬೇಕೋ ಬೇಡವೋ ಎಂದು ಶುಕ್ರವಾರ ಸಂಜೆಯೊಳಗೆ ಲಿಂಗಸುಗೂರಿನ ಕಚೇರಿಗೆ ಬರೆದುಕೊಡಬೇಕಿತ್ತು.

ಮೊದಲು ಯಜಮಾನರನ್ನು ಕೇಳಿದೆ. ಗೊಬ್ಬರದ ಅಂಗಡಿಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. "ನಿನ್ನ ಇಷ್ಟ" ಅಂದರು. ಇಷ್ಟು ವರ್ಷದಲ್ಲಿ ಪಲ್ಯಕ್ಕೆ ಉಪ್ಪು ಎಷ್ಟು ಎನ್ನುವುದಕ್ಕೂ ಅಭಿಪ್ರಾಯ ಹೇಳಿದ ಮನುಷ್ಯ, ಬೇಕಾದಾಗ ಕೈಬಿಟ್ಟರು. ಅತ್ತೆಯನ್ನು ಕೇಳಿದೆ. "ಹೆಡ್ ಮೇಡಂ ಆದ್ರ ರೊಟ್ಟಿ ಬಡಿಯೋದು ತಪ್ಪತೈತೇನವಾ?" ಅಂದರು. ತಪ್ಪುವುದಿಲ್ಲ ಅಂದೆ. "ಹಂಗಾದ್ರ ಎಲ್ಲಿದ್ರೇನು" ಎಂದು ಹೊರಳಿ ಮಲಗಿದರು. ಶಾಲೆಯಲ್ಲಿ ನನ್ನ ಗೆಳತಿ ಶಾಹೀನ್ ಮೇಡಂ ಪೂರ್ತಿ ಕೇಳಿಸಿಕೊಂಡು, "ಅಕ್ಕಾ, ನೀವು ನನ್ನ ಸಲಹೆ ಕೇಳಾಕತ್ತಿಲ್ಲ, ಮುಂದ ಬೈಯಾಕ ಒಬ್ಬರನ್ನ ಹುಡುಕಾಕತ್ತೀರಿ. ನಾ ಸಿಗಂಗಿಲ್ಲ" ಎಂದು ತರಗತಿಗೆ ಹೋದರು.

ಕೊನೆಗೆ ಎರಡು ಪತ್ರ ಬರೆದೆ, ಒಂದರಲ್ಲಿ ಒಪ್ಪಿಗೆ, ಇನ್ನೊಂದರಲ್ಲಿ ನಿರಾಕರಣೆ. ದಾರಿಯಲ್ಲಿ ಮನಸ್ಸು ಗಟ್ಟಿಯಾದೀತು ಎಂದು ಎರಡನ್ನೂ ಒಂದೇ ಫೈಲಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಲಿಂಗಸುಗೂರು ಬಂತು, ಮನಸ್ಸು ಗಟ್ಟಿಯಾಗಲಿಲ್ಲ. ಗಾಬರಿಯಲ್ಲಿ ಫೈಲನ್ನೇ ಗುಮಾಸ್ತರ ಮುಂದಿಟ್ಟೆ. ಅವರು ಎರಡೂ ಪತ್ರ ಓದಿ ಕನ್ನಡಕ ತೆಗೆದರು.

"ಮೇಡಂ, ಬೇಕು ಅಂತನೂ ಬರದೀರಿ, ಬ್ಯಾಡ ಅಂತನೂ ಬರದೀರಿ. ಯಾವುದು ತಗೊಳ್ಳಲಿ?"

"ನಿಮಗೇನು ಅನ್ನಸ್ತದ್ರೀ?" ಎಂದು ಕೇಳಿಯೇ ಬಿಟ್ಟೆ.

"ನನಗ ಹಸಿವು ಆಗೇತಿ ಅನ್ನಸ್ತದ. ಉಂಡು ಬರ್ತೀನಿ, ಅಷ್ಟರಾಗ ವಿಚಾರ ಮಾಡ್ರಿ."

ಫೈಲು ಎತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತೆ. ಯಜಮಾನರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಕೇಳುವುದಕ್ಕೆ ಯಾರೂ ಉಳಿದಿರಲಿಲ್ಲ, ಹಾಗಾಗಿ ನನ್ನನ್ನೇ ಕೇಳಿಕೊಳ್ಳಬೇಕಾಯಿತು. ಬಸ್ಸಿನ ಭಯ ಅಷ್ಟೇನೂ ಇರಲಿಲ್ಲ. ನಿರ್ಧಾರ ತಪ್ಪಾದರೆ ಬೈಯಲು ಯಾರೂ ಇಲ್ಲವಲ್ಲ ಎನ್ನುವುದೇ ನನ್ನ ನಿಜವಾದ ಭಯ. ಆಮೇಲೆ ಇನ್ನೊಂದು ಹೊಳೆಯಿತು. ನಮ್ಮ ಶಾಲೆಗೆ ಬಂದ ಒಬ್ಬೊಬ್ಬ ಮುಖ್ಯಶಿಕ್ಷಕರ ಬೆನ್ನ ಹಿಂದೆಯೂ "ನಾನಿದ್ದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಮೊದಲು ನೀರು ಬಿಡಿಸುತ್ತಿದ್ದೆ" ಎಂದು ಗೊಣಗಿದವಳು ನಾನೇ. ಬೇಡವಾದವಳು ಅಷ್ಟು ವರ್ಷ ಯಾಕೆ ಗೊಣಗುತ್ತಾಳೆ? ಗುಮಾಸ್ತರು ಕೈ ಒರೆಸಿಕೊಳ್ಳುತ್ತ ಬಂದಾಗ ಒಪ್ಪಿಗೆಯ ಪತ್ರ ಕೊಟ್ಟೆ. ಅವರು ಠಸ್ಸೆ ಹೊಡೆದರು.

ತುರ್ವಿಹಾಳದ ಶಾಲೆಯಲ್ಲೂ ಅದೇ ಕೊರತೆ, ಹೋದ ಎರಡನೇ ವಾರವೇ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬಿಡಿಸಿದೆ. ನಲ್ಲಿ ತಿರುಗಿಸಿದಾಗ ಏಳನೇ ತರಗತಿಯ ಹುಡುಗಿಯರು ಚಪ್ಪಾಳೆ ಹೊಡೆದರು, ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಬಸ್ಸು ತಪ್ಪುತ್ತದೆ, ಸೊಂಟ ನೋಯುತ್ತದೆ, ಮಸ್ಕಿಯಲ್ಲಿ ಕಲಿಸುತ್ತಿದ್ದ ಐದನೇ ತರಗತಿಯ ಗಣಿತ ಕೈತಪ್ಪಿದ್ದಕ್ಕೆ ಆಗಾಗ ಬೇಜಾರೂ ಆಗುತ್ತದೆ. ಆದರೆ ಮಾವನನ್ನು ಬೈಯುವುದು ನಿಂತಿದೆ.

ಬೇಸಿಗೆ ರಜೆಯಲ್ಲಿ ಶಾಲೆಗೆ ಬಣ್ಣ ಹಚ್ಚಿಸುವ ಕೆಲಸ ಬಂತು. ಪೇಂಟರ್ ಬಣ್ಣದ ಪಟ್ಟಿ ಹಿಡಿದು ನಿಂತರು. ಯಾರನ್ನೂ ಕೇಳದೆ, ಒಂದೇ ನಿಮಿಷದಲ್ಲಿ, "ಇದು" ಎಂದು ಬೆರಳಿಟ್ಟೆ. ಪಟ್ಟಿಯಲ್ಲಿ ತಿಳಿ ಹಳದಿಯಾಗಿದ್ದದ್ದು ಗೋಡೆಗೆ ಬಂದಾಗ ಅರಿಶಿನದ ಡಬ್ಬಿ ಬುಡಮೇಲಾದಂತೆ ಕಂಡಿತು. ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಬಂದವರೆಲ್ಲ ಗೇಟಿನಲ್ಲೇ ನಿಂತು ನೋಡಿ, ನನ್ನ ಕೋಣೆಗೆ ಬಂದು, "ಈ ಬಣ್ಣ ಯಾರು ಆರಿಸ್ಯಾರ್ರೀ?" ಎಂದು ಕೇಳುತ್ತಾರೆ. ಮೇಜಿನ ಹಿಂದಿನಿಂದ ಎದ್ದು ನಿಂತು ಹೇಳುತ್ತೇನೆ, "ನಾನೇ ರೀ."