ಎರಡು ನಿಮಿಷದ ಅಂತರ

ಎಲ್ಲ ಎಡವಟ್ಟಿಗೂ ಮೂಲ, ಬೆಳಿಗ್ಗೆ ಹಲ್ಲುಜ್ಜುವಾಗ ಮೊಬೈಲಿಗೆ ಬಂದ ಒಂದು ಸಾಲಿನ ಮೇಲ್: 'ನಿಮ್ಮ ಜೋಡಿಗೆ ಈ ವರ್ಷ ಜಾಗ ಸಿಕ್ಕಿದೆ.'

ಹೊರದೇಶದ ಬೆಟ್ಟಗಳಲ್ಲಿ, ಕಲ್ಲುಮಣ್ಣಿನ ದಾರಿಯಲ್ಲಿ ಎಂಟು ದಿನ ನಡೆಯುವ ಸೈಕಲ್ ರೇಸು ಅದು. ಒಬ್ಬೊಬ್ಬರೇ ಹೋಗುವಂತಿಲ್ಲ, ಇಬ್ಬಿಬ್ಬರ ಜೋಡಿಯೇ ಬೇಕು; ಓಡಿಸುವಾಗ ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬೀಳಕೂಡದು. ಚೀಟಿ ಎತ್ತಿ ಆರಿಸುತ್ತಾರೆ. ನಮ್ಮ ಮೆಕ್ಯಾನಿಕ್ ಆರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದ. ವಾರವಿಡೀ ನೀರು ಸರಬರಾಜು ಕಚೇರಿಯಲ್ಲಿ ಕೆಟ್ಟ ಮೀಟರುಗಳ ಹೊಟ್ಟೆ ಬಗೆಯುವುದು, ಭಾನುವಾರ ಸೈಕಲ್ಲು ಹತ್ತುವುದು ಅವನ ಬದುಕು. ಅವನ ಜೋಡಿ ಪಕ್ಕದ ಬೀದಿಯ ಟೈಲರ್. ಆ ಟೈಲರ್ ನಾಲ್ಕು ತಿಂಗಳ ಹಿಂದೆ, ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಾ ಕೂತಲ್ಲೇ ಹೋಗಿಬಿಟ್ಟಿದ್ದ.

ಸಂಜೆ ಐದರೊಳಗೆ ಇಬ್ಬರ ಡಾಕ್ಟರ್ ಸರ್ಟಿಫಿಕೇಟನ್ನೂ ಕಳಿಸಬೇಕಿತ್ತು. ಜೋಡಿಯಲ್ಲಿ ಒಬ್ಬರನ್ನು, ಒಂದೇ ಒಂದು ಸಲ, ಬದಲಾಯಿಸಬಹುದು.

"ಅವನ ಹೆಸರು ಅಳಿಸಿ ಯಾರದ್ದು ಅಂತ ಬರೀಲಿ?" ಎಂದು ಮೆಕ್ಯಾನಿಕ್ ಕಣ್ಣು ತುಂಬಿಕೊಂಡ.

"ಸ್ಟೇಷನ್ ದಿಬ್ಬದಲ್ಲೇ ಇಳಿದು ತಳ್ತೀರಿ, ನಿಮಗ್ಯಾಕ್ರೀ ಬೆಟ್ಟ?" ಎಂದಳು ಹೆಂಡತಿ. ಆದರೂ ಮುಖ ಒರೆಸಿಕೊಳ್ಳಲು ಟವೆಲ್ ಕೊಟ್ಟಳು.

ಕಚೇರಿಯಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು. ಟೈಪಿಸ್ಟ್ ಮೇಡಂ ತಕ್ಷಣ, "ನಮ್ಮತ್ತೇನ ಕರ್ಕೊಂಡು ಹೋಗಿ. ಎರಡು ನಿಮಿಷ ಏನು, ಎರಡು ಸೆಕೆಂಡೂ ಬಿಟ್ಟಿರಲ್ಲ," ಎಂದರು. ಸೂಪರ್‌ವೈಸರ್ ಸಾಹೇಬರು ಮಾತ್ರ ಪ್ಯಾಂಟಿನ ತುದಿ ಮಡಚಿಕೊಂಡು ಎದ್ದೇಬಿಟ್ಟರು.

"ಕಾಲೇಜಲ್ಲಿ ನಾನು ಚಾಂಪಿಯನ್ ಕಣ್ರೀ. ಕೊಡಿ ಸೈಕಲ್ಲು!"

"ಸಾರ್, ಮುಂದಿನ ಬ್ರೇಕು ಸ್ವಲ್ಪ ಬಿಗಿ..."

ಅಷ್ಟರಲ್ಲಿ ಸಾಹೇಬರು ಅಂಗಳ ದಾಟಿ, ಬ್ರೇಕು ಹಿಡಿದು, ಹ್ಯಾಂಡಲ್ ಮೇಲಿಂದ ಹಾರಿ ಹಳೇ ಮೀಟರುಗಳ ರಾಶಿಯಲ್ಲಿ ಕೂತಿದ್ದರು. ಅವರಿಗೆ ಏನೂ ಆಗಲಿಲ್ಲ. ಮುಂದಿನ ಚಕ್ರ ಮಾತ್ರ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ನಾಚಿಕೆಗೆ ಅರ್ಧ ದಿನದ ರಜೆ ಕೊಟ್ಟು ಕಳಿಸಿದರು.

ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಮೆಕ್ಯಾನಿಕ್ ಅಂಚೆ ಕಚೇರಿಗೆ ನಡೆದ. ಆ ಬಡಾವಣೆಯ ದಿಬ್ಬಗಳನ್ನೆಲ್ಲ ಮೇಕೆಯಂತೆ ಹತ್ತುವವನು ಪೋಸ್ಟ್‌ಮ್ಯಾನ್ ಒಬ್ಬನೇ. ಕಾಗದ ವಿಂಗಡಿಸುತ್ತಿದ್ದ ಅವನು ಮಾತು ಮುಗಿಯುವ ಮೊದಲೇ ಒಪ್ಪಿದ.

"ನಾನು ಆವಾಗಿಂದ ರೆಡಿ ಅಣ್ಣ. ನೀವೂ ಬರ್ತೀರಾ? ಒಳ್ಳೇದಾಯ್ತು."

ಆ ಅವಸರದಲ್ಲಿ ಮೆಕ್ಯಾನಿಕ್‌ನ ತಲೆಗೆ ಏನೂ ಹೋಗಲಿಲ್ಲ. ಇಬ್ಬರೂ ಡಾಕ್ಟರ ಬಳಿಗೆ ಓಡಿದರು. ಓಡಿ ಬಂದ ಎದೆಬಡಿತ ಇಳಿಯಲಿ ಎಂದು ಡಾಕ್ಟರು ಮುಕ್ಕಾಲು ಗಂಟೆ ಕೂರಿಸಿದರು. ಸರ್ಟಿಫಿಕೇಟು ಕೈಗೆ ಬಂದಾಗ ನಾಲ್ಕೂ ನಲವತ್ತು.

ಅಂಚೆ ಕಚೇರಿಯ ಕಂಪ್ಯೂಟರಿನಲ್ಲಿ ಮೆಕ್ಯಾನಿಕ್ ರೇಸಿನ ಪುಟ ತೆರೆದ. ಗೆಳೆಯನ ಹೆಸರು ಅಳಿಸಲು ಕೀಲಿಯ ಮೇಲೆ ಬೆರಳಿಟ್ಟ. ಅಲ್ಲಿ ಟೈಲರ್ ಹೆಸರಿತ್ತು. ಅದರ ಕೆಳಗೆ ಪೋಸ್ಟ್‌ಮ್ಯಾನ್ ಹೆಸರಿತ್ತು. ಅದರ ಕೆಳಗೆ, 'ಬದಲಾವಣೆಯ ಅವಕಾಶ ಬಳಸಿಯಾಗಿದೆ' ಎಂದಿತ್ತು.

ತನ್ನ ಹೆಸರನ್ನು ಅವನು ಮೂರು ಸಲ ಹುಡುಕಿದ.

"ಇದೇನೋ ಇದು?"

"ನಿಮಗೆ ಮೊಣಕಾಲು ನೋವು, ನೀವೇ ಬೇಡ ಅಂದ್ರಿ ಅಂತ ಟೈಲರಣ್ಣ ಹೇಳಿದ್ರು," ಎಂದ ಪೋಸ್ಟ್‌ಮ್ಯಾನ್, ಬೆಪ್ಪಾಗಿ. "ಮನಸ್ಸು ಬದಲಾಗಿರ್ಬೇಕು ಅಂದ್ಕೊಂಡೆ."

ಮೆಕ್ಯಾನಿಕ್‌ನ ಮೊಣಕಾಲು ಗಟ್ಟಿಯಾಗಿಯೇ ಇತ್ತು. ಆರು ತಿಂಗಳ ಹಿಂದೆ, 'ಬೆಟ್ಟದ ಫೋಟೋ ನೋಡ್ಬೇಕು, ಪಾಸ್‌ವರ್ಡ್ ಹೇಳೋ' ಎಂದು ಟೈಲರ್ ಕೇಳಿದ್ದು ಈಗ ನೆನಪಾಯಿತು. ಪ್ರತಿ ಭಾನುವಾರ ದಿಬ್ಬದ ತುದಿಯಲ್ಲಿ ಅವನು ಹತ್ತು ನಿಮಿಷ ಕಾಯುತ್ತಿದ್ದ, ನಗುತ್ತಲೇ ಕಾಯುತ್ತಿದ್ದ. ಅದನ್ನು ಇವನು ಬರೀ ಪ್ರೀತಿ ಎಂದುಕೊಂಡಿದ್ದ. ಗೆಳೆಯ ಸತ್ತ ದಿನಕ್ಕಿಂತ ಹೆಚ್ಚು ದುಃಖ ಈಗ ಒತ್ತರಿಸಿ ಬಂತು.

"ಒಂದು ಮಾತು ಕೇಳಿದ್ರೆ ನಾನೇ ಬಿಟ್ಕೊಡ್ತಿದ್ದೆ. ಯಾವತ್ತು ಹೇಳೋನಿದ್ದನಂತೆ ನಂಗೆ?"

ಪೋಸ್ಟ್‌ಮ್ಯಾನ್ ತಲೆ ತಗ್ಗಿಸಿದ. "ನಾನು ಸೇರಿದ್ದು ನಿಮಗೆ ಹೇಳೋದೇ ಬೇಡ ಅಂದಿದ್ರು ಅಣ್ಣ. ಹೇಗಿದ್ರೂ ನಮ್ಮ ಚೀಟಿ ಬರಲ್ಲ, ಸುಮ್ನೆ ಅವನ ಮನಸ್ಸು ಯಾಕೆ ನೋಯಿಸೋದು ಅಂದಿದ್ರು."

ಗೋಡೆ ಗಡಿಯಾರ ಐದು ಹೊಡೆಯಿತು.

"ಚೀಟಿ ಬಂತಲ್ಲೋ," ಎಂದ ಮೆಕ್ಯಾನಿಕ್, ಪರದೆಯ ಮೇಲಿನ ಮೊದಲ ಹೆಸರಿಗೆ.