ಎದುರು ಕೂತವರಿಗಷ್ಟೇ ಮುಖ ತೋರಿಸುವ ಮಾನಿಟರ್ ಅವರಿಗೆ

ಮಾನ್ಯರೇ,

ನಮ್ಮ ನಡುಮನೆಯ ಮೇಜಿನ ಮೇಲೆ ಹತ್ತು ದಿನಗಳಿಂದ ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡುತ್ತಿರುವ ತಮ್ಮ ತೆಳ್ಳನೆಯ ಸನ್ನಿಧಿಗೆ ಅನಂತ ನಮಸ್ಕಾರಗಳು. ಮೊದಲಿಗೆ ನನ್ನ ಕೈಬರಹಕ್ಕೂ ಕಾಗುಣಿತಕ್ಕೂ ಕ್ಷಮೆ ಬೇಡುತ್ತೇನೆ. ಐದನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಆಮೇಲೆ ಬರೆದಿದ್ದೆಲ್ಲ ಬಟ್ಟೆಯ ಹಿಂಬದಿಗೆ ಸೀಮೆಸುಣ್ಣದಲ್ಲಿ ಅಳತೆಯ ಗೆರೆಗಳು ಮಾತ್ರ. ಆದ್ದರಿಂದ ಸಾಲು ಇಳಿಜಾರಿಗೆ ಬಿದ್ದರೆ, ಒತ್ತಕ್ಷರ ಕಾಣೆಯಾದರೆ, ದೊಡ್ಡ ಮನಸ್ಸು ಮಾಡಬೇಕು. ತಮ್ಮ ಮುಖದ ಮೇಲೆ ಅಕ್ಷರಗಳು ಮುತ್ತು ಪೋಣಿಸಿದಂತೆ ಕಾಣುತ್ತವೆ, ಅಂಥವರ ಮುಂದೆ ಈ ಕಾಗದ ಹಿಡಿಯಲು ನನಗೆ ನಾಚಿಕೆಯೇ. ಆದರೂ ಇದನ್ನು ತಮ್ಮ ಪಕ್ಕದ ಗೋಡೆಗೆ ಅಂಟಿಸಿ ಬಹಿರಂಗ ಪತ್ರವನ್ನಾಗಿ ಮಾಡಬೇಕೆಂದಿದ್ದೇನೆ, ಏಕೆಂದರೆ ಕಾಗದವನ್ನು ಎಡದಿಂದಲೂ ಬಲದಿಂದಲೂ ಕೆಳಗಿನಿಂದಲೂ ಓದಬಹುದು. ಹಳೇ ಕಾಲದ ವಸ್ತುವಲ್ಲವೇ, ಅದಕ್ಕೆ ಅಷ್ಟು ಗರ್ವ ಬಂದಿಲ್ಲ.

ತಮಗಿಂತ ಮುಂಚೆ ಆ ಮೇಜಿನ ಮೇಲೆ ಇದ್ದ ಟ್ಯೂಬ್ ಮಾನಿಟರನ್ನು ನಾವು ದಪ್ಪಣ್ಣ ಎಂದು ಕರೆಯುತ್ತಿದ್ದೆವು. ಸತ್ಯಕ್ಕೆ ಚ್ಯುತಿ ಬರಬಾರದು, ದಪ್ಪಣ್ಣನಲ್ಲಿ ಹುಳುಕಿರಲಿಲ್ಲವೆಂದು ನಾನು ಹೇಳುವುದಿಲ್ಲ. ಮುಖ ಒಂದು ಮೊಳವಾದರೆ ಬೆನ್ನು ಒಂದೂವರೆ ಮೊಳ. ಗುಂಡಿ ಒತ್ತಿದೊಡನೆ ಒಳಗೆ ಯಾರೋ ತಾಮ್ರದ ಕೊಡ ಎತ್ತಿಹಾಕಿದಂತೆ ‘ಢಂಯ್’ ಎನ್ನುತ್ತಿದ್ದ. ಒಂದು ಗಂಟೆ ನೋಡಿದರೆ ಕಣ್ಣಲ್ಲಿ ನೀರು, ಎರಡು ಗಂಟೆ ನೋಡಿದರೆ ತಲೆಯಲ್ಲಿ ಸುತ್ತಿಗೆ. ಅವನನ್ನು ಮೇಜಿನಿಂದ ಇಳಿಸಲು ಹೋಗಿ ನಮ್ಮ ಭಾವ ಮೂರು ದಿನ ಗೂನು ಬೆನ್ನಲ್ಲೇ ಕೆಲಸಕ್ಕೆ ಹೋಗಿದ್ದುಂಟು. ಭಾವನ ಕೆಲಸ ಮನೆಮನೆಯ ಕರೆಂಟ್ ಮೀಟರ್ ಓದುವುದು. ದಪ್ಪಣ್ಣನನ್ನು ಹಚ್ಚಿದೊಡನೆ ನಮ್ಮ ಮೀಟರಿನ ಚಕ್ರ ಓಡುವ ಓಟ ನೋಡಿ ಅವರ ಎದೆಯೂ ಅದೇ ವೇಗದಲ್ಲಿ ಹೊಡೆದುಕೊಳ್ಳುತ್ತಿತ್ತು.

ಇನ್ನು ಕಂಪ್ಯೂಟರಿನ ಬಸ್ ಆಟದ ವಿಷಯ. ಕೀಲಿಮಣೆ ನನ್ನ ಕೈಯಲ್ಲಿದ್ದರೂ ಗಾಡಿ ನಡೆಸುತ್ತಿದ್ದವರು ನಮ್ಮಜ್ಜಿ. ಇಪ್ಪತ್ತಾರು ವರ್ಷ ಬಸ್ ಕಂಡಕ್ಟರ್ ಆಗಿದ್ದ ಅವರು ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಡಾಕ್ಟರು ಅವರ ವಯಸ್ಸನ್ನೂ ಎದೆಯ ಬಡಿತವನ್ನೂ ನೋಡಿ ಆಪರೇಷನ್ ಬೇಡವೆಂದು, ಕಾಲಿಗೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗಕ್ಕೆ ಮರಳಿನ ಚೀಲ ಕಟ್ಟಿ, ರಾಟೆಯನ್ನು ಕಿಟಕಿಯ ಸರಳಿಗೆ ಬಿಗಿದು, ಐದು ತಿಂಗಳು ಅಂಗಾತ ಮಲಗಿರಬೇಕೆಂದರು. ಹೀಗಾಗಿ ಮೇಜಿನ ಎಡಕ್ಕೆ, ಕಿಟಕಿಯ ಕೆಳಗೆ ಇರುವ ಆ ಗಿಡ್ಡ ಮಂಚವನ್ನು ಕದಲಿಸುವಂತಿಲ್ಲ, ಮಂಚದ ಮೇಲಿರುವವರು ಕದಲುವಂತಿಲ್ಲ.

ಮೊದಲ ದಿನಗಳಲ್ಲಿ ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, ಕೇಳಿದ್ದಕ್ಕೆ ‘ಹೂಂ’ ಎನ್ನುವುದನ್ನೂ ಬಿಟ್ಟಿದ್ದರು; ಗಂಜಿ ತಟ್ಟೆಯಲ್ಲೇ ಆರುತ್ತಿತ್ತು. ಒಂದು ಸಂಜೆ ನಾನು ದಪ್ಪಣ್ಣನ ಮೇಲೆ ಬಸ್ ಓಡಿಸುವ ಆಟ ಹಾಕಿಕೊಂಡು, ಒಂದು ನಿಲ್ದಾಣವನ್ನು ನಿಲ್ಲಿಸದೆ ದಾಟಿದೆ ನೋಡಿ, ಪಕ್ಕದ ಮಂಚದಿಂದ, “ಹೋಲ್ಡಾನ್! ಹೋಲ್ಡಾನ್! ಕಣ್ಣು ಎಲ್ಲಿಟ್ಟಿದ್ದೀಯೇ? ಅಲ್ಲಿ ಬಸುರಿ ಹೆಂಗ್ಸು ನಿಂತಿದ್ದಾಳೆ!” ಎಂಬ ಕೂಗು ಬಂತು. ಕೂಗಿದ್ದು ಯಾರೆಂದು ನೋಡಲು ಅಕ್ಕ ಒಲೆಯ ಮುಂದಿನಿಂದ ಸೌಟು ಹಿಡಿದೇ ಓಡಿಬಂದಳು. ಅಂದಿನಿಂದ ದಿನವೂ ಆರರಿಂದ ಏಳರವರೆಗೆ ನಮ್ಮ ಸರ್ವಿಸ್ ಶುರುವಾಯಿತು. ಕೆಳಗಿನಿಂದ, ಓರೆಯಿಂದ, ದಿಂಬಿನ ಮೇಲೆ ಒರಗಿದ ಒಂದೇ ಕಣ್ಣಿನಿಂದ ನೋಡಿದರೂ ದಪ್ಪಣ್ಣ ಅದೇ ಮುಖ ತೋರಿಸುತ್ತಿದ್ದ. ಎಲ್ಲಿ ತಿರುವು, ಎಲ್ಲಿ ಹಳ್ಳ, ಹಿಂದೆ ಯಾವ ಲಾರಿ ಬರುತ್ತಿದೆ, ಎಲ್ಲವೂ ಅಜ್ಜಿಗೆ ನನಗಿಂತ ಮೊದಲೇ ಕಾಣುತ್ತಿತ್ತು. ಹತ್ತಿದವರಲ್ಲಿ ಒಬ್ಬರೂ ಟಿಕೆಟ್ ಪಡೆಯುವುದಿಲ್ಲವೆಂಬುದೊಂದೇ ಅವರ ಕೊರಗು. “ಇಷ್ಟು ಜನ ಪುಕ್ಕಟೆ ಹೋಗ್ತಿದ್ದಾರಲ್ಲೇ, ಚೆಕಿಂಗ್‌ನವರು ಹತ್ತಿದ್ರೆ ನನ್ನ ಕೆಲ್ಸ ಹೋಗುತ್ತೆ!” ಎಂದು ಬೈಯುತ್ತಲೇ ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದರು.

ಇಂಥ ಸುಖದ ನಡುವೆ ತಮ್ಮ ಆಗಮನವಾಯಿತು. ಅಂಗಡಿಯಾತ ತಮ್ಮನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿ, “ಸಾರ್, ಟ್ಯೂಬಿನ ಕಾಲ ಮುಗೀತು. ಕರೆಂಟ್ ಅರ್ಧ, ಜಾಗ ಕಾಲು ಭಾಗ, ಕಣ್ಣಿಗೆ ತಂಪು. ಚಿತ್ರ ಬದಲಾಗೋ ರೆಸ್ಪಾನ್ಸ್ ಟೈಮ್ ಎಂಟೇ ಎಂಟು ಮಿಲಿಸೆಕೆಂಡು!” ಎಂದ. ಭಾವ “ಎಂಟೇನಾ!” ಎಂದು ಹುಬ್ಬೇರಿಸಿದರು. ನಾನು ಓದಿದ ಶಾಲೆಯಲ್ಲಿ ಸೆಕೆಂಡಿಗಿಂತ ಚಿಕ್ಕದು ಯಾವುದೂ ಇರಲಿಲ್ಲ, ಆದ್ದರಿಂದ ಬಾಗಿಲ ಬಳಿ ಸುಮ್ಮನೆ ನಿಂತಿದ್ದೆ. ಆತ ತಮ್ಮ ಮೇಲೆ ಒಂದು ಹಳದಿ ಹೂವಿನ ಚಿತ್ರ ತೋರಿಸಿದ. ಹೂವು ಕದಲಲಿಲ್ಲ, ಮತ್ತು ಕದಲದೆ ಇರುವುದನ್ನು ತೋರಿಸುವುದರಲ್ಲಿ ತಮ್ಮನ್ನು ಮೀರಿಸುವವರು ಇಲ್ಲವೆಂದು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳಬಲ್ಲೆ. ಭಾವ, ಅಕ್ಕ, ಅಂಗಡಿಯಾತ ಮೂವರೂ ತಮ್ಮ ಎದುರಿಗೆ ನೇರವಾಗಿ ನಿಂತು ಮೆಚ್ಚಿದರು. ‘ಸ್ವಲ್ಪ ಕೆಳಗೆ ಕೂತು ನೋಡಿ’ ಎಂದು ಹೇಳಬೇಕಾದವಳು ನಾನೊಬ್ಬಳೇ ಇದ್ದೆ, ಹೇಳಲಿಲ್ಲ. ಬದಲಿಗೆ ಕೊಡಲೆಂದು ಒಯ್ದಿದ್ದ ದಪ್ಪಣ್ಣನನ್ನು ಅಲ್ಲೇ ಬಿಟ್ಟು ಬಂದೆವು.

ಆ ಸಂಜೆ ಆರಕ್ಕೆ ಬಸ್ ಹೊರಟಾಗ ಅಜ್ಜಿ ದಿಂಬಿನಿಂದ ತಮ್ಮತ್ತ ದೀರ್ಘವಾಗಿ ನೋಡಿ, “ಏನೇ ಇದು? ನನ್ನ ಸೊಂಟದ ಎಕ್ಸ್‌ರೇ ತಂದು ನಿಲ್ಸಿದ್ದೀಯಾ?” ಎಂದರು. ಭಾವ, “ಅಜ್ಜೀ, ಇದು ಹೊಸ ಮಾದರಿ,” ಎಂದಾಗ, “ಹಾಗಾದ್ರೆ ನಾನು ಎದ್ದು ಕೂತ ಮೇಲೆ ಬರೋಕೆ ಹೇಳಪ್ಪ,” ಎಂದರು. ಭಾವ ಮಂಡಿಯೂರಿ ಮಂಚದ ಮಟ್ಟಕ್ಕೆ ತಲೆ ತಂದು ನೋಡಿದರು. ಅಲ್ಲಿಂದ ಬಿಳಿ ಬಸ್ಸು ಕಪ್ಪಾಗಿ, ರಸ್ತೆ ಮಾಯವಾಗಿ, ಜನರ ಮುಖಗಳು ದೆವ್ವಗಳಂತೆ ಕಾಣುತ್ತಿದ್ದವು. ಎದ್ದು ಪ್ಯಾಂಟು ಕೊಡವಿಕೊಂಡು, “ಅಭ್ಯಾಸ ಆಗುತ್ತೆ,” ಎಂದರು. ಅಜ್ಜಿಗೆ ಅಭ್ಯಾಸವಾದದ್ದು ಮತ್ತೆ ಗೋಡೆ ನೋಡುವುದು.

ಮಾನ್ಯರೇ, ತಮ್ಮ ಈ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ದೊಡ್ಡ ಕಚೇರಿಗಳ ಸಾಹೇಬರೂ ಅಷ್ಟೇ, ಎದುರಿಗೆ ನೆಟ್ಟಗೆ ಬಂದು ಕೂತವರಿಗೆ ನಗುಮುಖ, ಪಕ್ಕದಲ್ಲಿ ನಿಂತವರಿಗೆ ಮಬ್ಬು, ಕೆಳಗಿರುವವರಿಗೆ ಕತ್ತಲೆ. ಅವರು ಇದನ್ನು ಕಲಿಯಲು ಮೂವತ್ತು ವರ್ಷ ತೆಗೆದುಕೊಳ್ಳುತ್ತಾರೆ, ತಾವು ಪೆಟ್ಟಿಗೆಯಿಂದ ಹೊರಬರುವಾಗಲೇ ಕಲಿತು ಬಂದಿದ್ದೀರಿ. ತಮ್ಮ ಉದಾರತನವೂ ಸಣ್ಣದಲ್ಲ. ವೇಗವಾಗಿ ಓಡುವ ಪ್ರತಿಯೊಂದು ಗಾಡಿಗೂ ಹಿಂದೆ ಒಂದು ನೆರಳಿನ ಬಾಲವನ್ನು ಕೇಳದೆಯೇ ಅಂಟಿಸಿಕೊಡುತ್ತೀರಿ, ಸುರಂಗದೊಳಗಿನ ಕಗ್ಗತ್ತಲೆಗೂ ಬೂದಿ ಬಳಿದು ಮುಸ್ಸಂಜೆ ಮಾಡುತ್ತೀರಿ, ಚಿತ್ರದ ಅಳತೆ ಸ್ವಲ್ಪ ಬದಲಿಸಿದರೆ ಮುನಿಸಿಕೊಂಡು ಎಲ್ಲವನ್ನೂ ಕಲಸಿಬಿಡುತ್ತೀರಿ. ದಪ್ಪಣ್ಣನಿಗೆ ಇಂಥ ಸೂಕ್ಷ್ಮ ಸ್ವಭಾವ ಎಲ್ಲಿತ್ತು! ಯಾವ ಅಳತೆ ಕೊಟ್ಟರೂ ಹಾಕಿಕೊಳ್ಳುತ್ತಿದ್ದ ದಡ್ಡ.

ತಮ್ಮನ್ನು ಒಲಿಸಿಕೊಳ್ಳಲು ನಾವು ಪಡದ ಪಾಡಿಲ್ಲ. ತಮ್ಮ ಮುಖವನ್ನು ಅಜ್ಜಿಯ ಕಡೆಗೆ ಬಾಗಿಸಿದೆವು. ಆಗ ಎಕ್ಸ್‌ರೇ ನೋಡುವ ಸರದಿ ನನ್ನದಾಗಿ, ಅವರ ಬಾಯಿಮಾತನ್ನೇ ನಂಬಿ ಬಸ್ಸನ್ನು ಒಂದು ಬಟ್ಟೆ ಅಂಗಡಿಯೊಳಕ್ಕೆ ನುಗ್ಗಿಸಿದೆ. ಕೆಳಗೆ ಸ್ಟೂಲಿನ ಮೇಲೆ ಇಟ್ಟೆವು. ಹಗ್ಗಕ್ಕೆ ತೂಗುಬಿದ್ದ ಅಜ್ಜಿಯ ಕಾಲೇ ರಸ್ತೆಗೆ ಅಡ್ಡವಾಯಿತು. ಮಂಚದ ಎದುರು ಕನ್ನಡಿ ಹಿಡಿದು ನೋಡಿದೆವು. ಬಸ್ಸು ಕಂಡಿತು, ಆದರೆ ಎಡವೆಲ್ಲ ಬಲವಾಗಿ, ಅಜ್ಜಿ ಹೇಳಿದ ಕಡೆಗೆ ತಿರುಗಿಸಿ ಮತ್ತೆ ಅದೇ ಬಟ್ಟೆ ಅಂಗಡಿ. ಕೊನೆಗೆ ಏಳನೆಯ ದಿನ ದಪ್ಪಣ್ಣನನ್ನೇ ವಾಪಸು ತರೋಣವೆಂದು ಅಕ್ಕನ ಜೊತೆ ಹೋದರೆ ಅಂಗಡಿಯಾತ, “ಅಯ್ಯೋ, ಅದನ್ನ ಒಡೆದು ತಾಮ್ರ ತೆಗೆದಾಯ್ತಲ್ಲಮ್ಮ. ಅದನ್ನ ಯಾರಾದ್ರೂ ವಾಪಸ್ ಕೇಳ್ತಾರಾ?” ಎಂದು ನಕ್ಕ. ಹಿತ್ತಲಲ್ಲಿ ದಪ್ಪನೆಯ ಗಾಜಿನ ಚೂರುಗಳ ರಾಶಿ ಇತ್ತು. ನಾನು ಹೆಚ್ಚು ಹೊತ್ತು ನೋಡಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ತಮ್ಮ ಮುಖದ ಎಡಕೆಳಗಿನ ಕಾಲು ಭಾಗವನ್ನಾದರೂ ಮಲಗಿದವರಿಗೆಂದು ಮೀಸಲಿಡಬೇಕು. ಅದು ಆಗದಿದ್ದರೆ ನಮ್ಮ ಮನೆಯನ್ನು ಬಲಕ್ಕೆ ಒಂದಿಷ್ಟು ವಾಲಿಸಿ, ಅಜ್ಜಿಯ ಮಂಚ ತಮ್ಮ ಎದುರಿಗೆ ಬರುವಂತೆ ಮಾಡಬೇಕು. ಅದೂ ಕಷ್ಟವೆಂದಾದರೆ, ತಾವು ಎಲ್ಲವನ್ನೂ ಎಂಟು ಮಿಲಿಸೆಕೆಂಡಿನಲ್ಲಿ ಮುಗಿಸುವವರಲ್ಲವೇ, ಅದೇ ಅವಧಿಯಲ್ಲಿ ಕೂಡಿಕೊಳ್ಳುವಂತೆ ಅಜ್ಜಿಯ ಸೊಂಟದ ಮೂಳೆಗೆ ಒಂದು ಮಾತು ಹೇಳಬೇಕು.

ಇಷ್ಟು ಬರೆದು ಮೊನ್ನೆ ನಿಲ್ಲಿಸಿದ್ದೆ. ಇಲ್ಲಿಂದ ಮುಂದಿನದು ಇಂದಿನ ಬರಹ, ಪೆನ್ನೂ ಬೇರೆ.

ನಾನು ಕೆಲಸ ಮಾಡುವುದು ಸೋಫಾಗಳಿಗೆ ಬಟ್ಟೆ ಹೊದಿಸುವ ಕಾರ್ಖಾನೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನಲ್ಲಿ. ನಿನ್ನೆ ಹಸಿರು ಮಖಮಲ್ಲಿನ ಆರು ದಿಂಬುಗಳನ್ನು ಸಾಲಾಗಿ ಇಟ್ಟಾಗ ಮೇಸ್ತ್ರಿ, “ಯಾರಮ್ಮ ಇದನ್ನ ಕತ್ತರಿಸಿದ್ದು? ಐದು ಹಸಿರು, ಒಂದು ಅಮಾವಾಸ್ಯೆ!” ಎಂದು ಕೂಗಿದರು. ಕತ್ತರಿಸಿದವಳು ನಾನೇ. ಮಖಮಲ್ಲಿನ ರೋಮಕ್ಕೆ ಒಂದು ದಿಕ್ಕಿರುತ್ತದೆ. ಒಂದು ಕಡೆಯಿಂದ ನೋಡಿದರೆ ತಿಳಿಬಣ್ಣ, ಇನ್ನೊಂದು ಕಡೆಯಿಂದ ಕಪ್ಪು. ಅಜ್ಜಿಯ ಯೋಚನೆಯಲ್ಲಿ ನಾನು ಒಂದು ತುಂಡನ್ನು ತಿರುಗುಮುರುಗು ಮಾಡಿದ್ದೆ. ದಿಂಬು ಚೌಕದ್ದಾದ್ದರಿಂದ ಮೇಸ್ತ್ರಿ ಬೈಯುತ್ತಲೇ ಅದನ್ನು ತಲೆಕೆಳಗಾಗಿಸಿ ಇಟ್ಟರು. ಆರೂ ಒಂದೇ ಹಸಿರಾದವು. ನಾನು ಕತ್ತರಿ ಹಿಡಿದುಕೊಂಡೇ ನಿಂತುಬಿಟ್ಟೆ. ತಮ್ಮ ಎದುರು ಕಸ ಗುಡಿಸಿ ಎದ್ದು ನಿಂತಾಗಲೆಲ್ಲ, ಮೇಲಿನಿಂದ ತಮ್ಮ ಚಿತ್ರ ಸ್ವಲ್ಪ ಬೆಳ್ಳಗಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಕತ್ತಲೆಯೆಲ್ಲ ಇರುವುದು ಕೆಳಗಿನಿಂದ ನೋಡುವವರ ಪಾಲಿಗೆ.

ಇಂದು ಬೆಳಿಗ್ಗೆ ಭಾವ ತಿಂಡಿಗೆ ಕೂತಾಗ, “ಭಾವ, ಅದನ್ನ ತಲೆಕೆಳಗೆ ನೇತುಹಾಕೋಣ,” ಎಂದೆ. “ತಲೆ ನೆಟ್ಟಗಿದೆಯಾ? ವಾರಂಟಿ ಹೋಗುತ್ತೆ,” ಎಂದರು. ಅಕ್ಕ ಒಳಗಿನಿಂದಲೇ, “ಅವಳು ಬಾಯಿ ಬಿಡೋದೇ ವರ್ಷಕ್ಕೊಂದ್ಸಲ. ಹೇಳಿದಷ್ಟು ಮಾಡಿ ಸುಮ್ನೆ,” ಎಂದಳು. ಸೋಫಾದ ಅಡಿಗೆ ಬಿಗಿಯುವ ಗಟ್ಟಿ ಪಟ್ಟಿಯಿಂದ ತಮ್ಮ ಒಂಟಿಪಾದವನ್ನು ಮೇಜಿನ ಮೇಲ್ಗಡೆ ಗೋಡೆಗೆ ಹೊಡೆದಿರುವ ಹಲಗೆಯ ಅಡಿಗೆ ನಾಲ್ಕು ಸುತ್ತು ಬಿಗಿದೆ. ಭಾವ ಗೊಣಗುತ್ತಲೇ ಕಂಪ್ಯೂಟರಿನಲ್ಲಿ ಹುಡುಕಿ, ಚಿತ್ರವನ್ನೂ ತಲೆಕೆಳಗು ಮಾಡಿದರು. ತಾವು ಬಾವಲಿಯಂತೆ ತೂಗುತ್ತಿದ್ದಿರಿ, ಬಸ್ಸು ಮಾತ್ರ ನೆಟ್ಟಗೆ ನಿಂತಿತ್ತು. ನಾನು ಇಂಜಿನ್ ಚಾಲು ಮಾಡಿ ಕಾದೆ. ಅಜ್ಜಿ ಆ ಸದ್ದಿಗೆ ಗೋಡೆಯಿಂದ ಮುಖ ತಿರುಗಿಸಿದರು, ಕಣ್ಣು ಕಿರಿದು ಮಾಡಿದರು.

ಆಮೇಲೆ, “ಮಂಜು ಬಿದ್ದಿದೆ ಇವತ್ತು,” ಎಂದರು. “ದೀಪ ಹಾಕ್ಕೋ. ನಿಧಾನಕ್ಕೆ ತೆಗಿ. ಆ ಮುದುಕ ಹತ್ತಲಿ ಇರೇ... ಹತ್ತಿದ. ರೈಟ್!”

ಆದಕಾರಣ ಮೇಲೆ ಕಾಣಿಸಿದ ವಿನಂತಿಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮೂರು ತಿಂಗಳು ಹಾಗೆಯೇ ತೂಗುತ್ತಿರಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ
(ಎದುರಿಗೆ ನೆಟ್ಟಗೆ ಕೂತಿರುವಷ್ಟು ಹೊತ್ತು ಮಾತ್ರ),
ಆರು ಗಂಟೆ ಸರ್ವಿಸ್ಸಿನ ಡ್ರೈವರ್

ತಾ.ಕ.: ತಮ್ಮ ಹಣೆಯ ಮೇಲೆ ಕಂಪನಿಯ ಹೆಸರು ತಲೆಕೆಳಗಾಗಿ ಕಾಣಿಸುತ್ತಿದೆ, ನೋಡಿದವರು ಏನೆಂದುಕೊಂಡಾರು ಎಂದು ಭಾವನಿಗೆ ಒಂದೇ ಚಿಂತೆ. ತಮ್ಮ ಮಾನವೂ ನಮ್ಮ ಮಾನವೇ ಅಲ್ಲವೇ. ಕೆಲಸಕ್ಕೆ ಹೊರಡುವ ಮೊದಲು ಆ ಹೆಸರಿನ ಮೇಲೆ ಬೆರಳಗಲದ ಹಸಿರು ಮಖಮಲ್ಲಿನ ಚೂರೊಂದನ್ನು ಅಂಟಿಸಿದೆ.